ಪ್ರಶ್ನೆ ಮುಗಿಯುವ ತನಕ

ನನ್ನ ಹಲ್ಲು ಅರವತ್ತೆಂಟನೆಯ ವಯಸ್ಸಿಗೆ ಉದುರತೊಡಗಿದವು. ಸಿಟ್ಟು ಮಾತ್ರ ಗಟ್ಟಿಯಾಗಿಯೇ ಉಳಿದಿದೆ. ಮೂವತ್ತಮೂರು ವರ್ಷ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವನು ನಾನು, ಶ್ರೀನಿವಾಸಮೂರ್ತಿ. ಹುಡುಗರು ಬೆನ್ನ ಹಿಂದೆ ಬೇರೆ ಹೆಸರಿಟ್ಟಿದ್ದರು, ಅದು ಇಲ್ಲಿ ಬೇಡ. ಮನೆ ಶಿವಮೊಗ್ಗದ ಕೋಟೆಯಲ್ಲಿ, ಗುಡಿಯ ಹಿಂದಿನ ಬೀದಿ. ನಡೆದುಕೊಂಡು ಹೋದರೂ ಗಾಂಧಿ ಬಜಾರ್ ದೂರವಲ್ಲ. ಅಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಡಾಕ್ಟರ್ ಮಧುಸೂದನನ ಹಲ್ಲಿನ ಕ್ಲಿನಿಕ್ ಇದೆ. ಮಧುಸೂದನ ನನ್ನ ಶಿಷ್ಯ, ಅದೂ ಒಂದು ಟೆಸ್ಟಿನಲ್ಲಿ ನನ್ನ ಕೈಯಲ್ಲಿ ಫೇಲಾದವನು. ಅಂಥವನ ಎದುರು ಬಾಯಿ ತೆರೆದು ಮಲಗಲು ಧೈರ್ಯ ಬೇಕು. ಹೆಂಡತಿ ಮೀರಾ ಬಿಡಲಿಲ್ಲವಾದ್ದರಿಂದ ಹೋದೆ.

ಹಾಗೆಂದು ಇದು ನನ್ನ ಹಲ್ಲಿನ ಕಥೆಯಲ್ಲ, ಆ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದ ವಾಣಿಯ ಕಥೆ. ಮೊದಲ ದಿನ ನಾನು ಬೆಂಚಿನ ಮೇಲೆ ಕಾಯುತ್ತಿದ್ದಾಗ ಅವಳು ಮೇಜಿನ ಹಿಂದೆ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದಳು. ಚೀಟಿ ಬರೆಯುತ್ತಿದ್ದಾಳೆಂದುಕೊಂಡು ಹೋಗಿ ಬಗ್ಗಿ ನೋಡಿದರೆ ಅದು ಫಿಸಿಕ್ಸ್ ಲೆಕ್ಕ. ಇಳಿಜಾರಿನಲ್ಲಿ ಜಾರುವ ಮರದ ತುಂಡಿನ ಚಿತ್ರ, ಘರ್ಷಣೆಯ ಬಾಣ ಕೆಳಗೆ ಮುಖ ಮಾಡಿತ್ತು. ತಪ್ಪು ಬಾಣ ಕಂಡರೆ ನನಗೆ ಮೈ ಉರಿಯುತ್ತದೆ. ಕೇಳದೆ ಪೆನ್ನು ಕಸಿದುಕೊಂಡು ಅದನ್ನು ಮೇಲೆ ತಿರುಗಿಸಿದೆ. ಮಗಳ ಪುಸ್ತಕವೇನಮ್ಮ ಎಂದು ಕೇಳಿದೆ.

ತನ್ನದೇ ಪುಸ್ತಕ, ನೀಟ್ ಪರೀಕ್ಷೆ ಬರೆಯುತ್ತಿದ್ದೇನೆ, ಡೆಂಟಲ್ ಸೀಟಿಗೆ ಎಂದಳು. ಅವಳಿಗೆ ಆಗ ಮೂವತ್ತೆಂಟು ವರ್ಷ. ನಾನು ನಕ್ಕುಬಿಟ್ಟೆ. ಅವಳು ಮುಖ ಕೆಡಿಸಿಕೊಳ್ಳಲಿಲ್ಲ. ನನ್ನ ಸರದಿ ಬಂದಿದೆ, ಒಳಗೆ ಹೋಗಬಹುದು ಎಂದಳು, ಅಷ್ಟೆ. ಕುರ್ಚಿಯ ಮೇಲೆ ಮಲಗಿದಾಗ ನನಗೆ ನಾಚಿಕೆಯಾಯಿತು, ಹಲ್ಲಿನ ನೋವಿಗಿಂತ ಅದೇ ಹೆಚ್ಚು ಕಾಡಿತು.

ಅವಳ ಪೂರ್ವೋತ್ತರ ತಿಳಿದದ್ದು ನಿಧಾನವಾಗಿ. ವಾಣಿ ಭದ್ರಾವತಿಯ ಜನ್ನಾಪುರದವಳು. ಪಿಯುಸಿಯಲ್ಲಿ ಸೈನ್ಸ್ ಓದಿ ಒಳ್ಳೆಯ ಅಂಕ ತೆಗೆದಿದ್ದಳು. ಮುಂದಿನ ಓದಿನ ಮಾತು ಬರುವ ಮೊದಲೇ ಮದುವೆಯ ಮಾತು ಬಂತು. ಗಂಡ ರೂಪೇಶ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಒಳ್ಳೆಯವನು, ಮಾತು ಕಡಿಮೆ. ಮಗಳು ಮೋನಿಕಾಗೆ ಎರಡು ವರ್ಷವಾದಾಗ ವಾಣಿ ಕಸ ಗುಡಿಸಿ ಚೀಟಿ ಬರೆಯುವ ಕೆಲಸಕ್ಕೆಂದು ಮಧುಸೂದನನಲ್ಲಿಗೆ ಬಂದಳು. ಹದಿನಾಲ್ಕು ವರ್ಷದಲ್ಲಿ ಎಕ್ಸ್‌ರೇ ಹಿಡಿಯುವುದು, ಸಿಮೆಂಟ್ ಕಲಸುವುದು, ಅಳುವ ಮಕ್ಕಳನ್ನು ಸುಮ್ಮನಾಗಿಸುವುದು, ಎಲ್ಲ ಕಲಿತಳು. ಒಂದು ದಿನ ಮಧುಸೂದನ ಪೇಪರ್ ಓದುತ್ತಾ, ಈ ಪರೀಕ್ಷೆಗೆ ವಯಸ್ಸಿನ ಮಿತಿ ತೆಗೆದರಂತೆ, ಇನ್ನು ನೀನೂ ಬರೆಯಬಹುದು ನೋಡು ಎಂದು ತಮಾಷೆ ಮಾಡಿದನಂತೆ. ಅವಳು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಯಾಕಮ್ಮ ಈ ವಯಸ್ಸಿನಲ್ಲಿ ಇದೆಲ್ಲ ಎಂದು ನಾನೂ ಕೇಳಿದ್ದೆ. ಎಲ್ಲರೂ ಕೇಳುವ ಪ್ರಶ್ನೆ ಅದು, ಅವಳ ಉತ್ತರ ಸಿದ್ಧವಿತ್ತು.

"ಜನ್ನಾಪುರದಲ್ಲಿ ಬಸ್ ಇಳಿದ್ರೆ ಸಾಕು ಸರ್, ಯಾರಾದ್ರೂ ಕೆನ್ನೆ ಹಿಡ್ಕೊಂಡು ಬರ್ತಾರೆ. ಬಾಯಿ ನೋಡ್ತೀನಿ. ಯಾವ ಹಲ್ಲು, ಏನಾಗಿದೆ, ಏನು ಮಾಡ್ಬೇಕು, ಎಲ್ಲಾ ಗೊತ್ತಾಗುತ್ತೆ. ಆದ್ರೆ ಮುಟ್ಟೋ ಹಕ್ಕಿಲ್ಲ. ಉಪ್ಪುನೀರು ಮುಕ್ಕಳಿಸಿ ಅಂತ ಹೇಳಿ ಮನೆಗೆ ಹೋಗ್ತೀನಿ."

ಎರಡು ಸಲ ಬರೆದಾಗಿತ್ತು. ಮೊದಲ ಸಲ ಅಂಕ ಹೇಳಿಕೊಳ್ಳುವಂತಿರಲಿಲ್ಲ. ಎರಡನೆಯ ಸಲ ಹದಿನಾರು ಅಂಕದಲ್ಲಿ ಸೀಟು ಕೈತಪ್ಪಿತ್ತು. ಇನ್ನು ಒಂದೇ ಸಲ ಎಂದು ಅವಳೇ ತೀರ್ಮಾನಿಸಿದ್ದಳು. ಅದರ ಮುಂದಿನ ವರ್ಷ ಮೋನಿಕಾ ಸೆಕೆಂಡ್ ಪಿಯುಗೆ ಬರುತ್ತಾಳೆ. ತಾಯಿ ಮಗಳು ಇಬ್ಬರೂ ಪುಸ್ತಕ ಹಿಡಿದು ಕೂತರೆ ಒಲೆ ಹಚ್ಚುವವರು ಯಾರು ಎಂದು ಅತ್ತೆ ವಿಮಲಮ್ಮ ಕೇಳಿದ್ದರು. ಕೇಳಿದ್ದರಲ್ಲಿ ತಪ್ಪೇನಿಲ್ಲ ಎಂದಳು ವಾಣಿ. ಸೀಟು ಸಿಕ್ಕರೂ ಅದು ಶಿವಮೊಗ್ಗದಲ್ಲೇ ಸಿಗಬೇಕು, ಮನೆ ಬಿಟ್ಟು ಹಾಸ್ಟೆಲಿಗೆ ಹೋಗುವ ಹಾಗಿರಲಿಲ್ಲ.

ನಾನು ನಕ್ಕದ್ದಕ್ಕೆ ಪ್ರಾಯಶ್ಚಿತ್ತ ಬೇಕಿತ್ತು. ಮರುದಿನದಿಂದಲೇ ಪಾಠ ಶುರು. ಮಧ್ಯಾಹ್ನ ಒಂದೂವರೆಯಿಂದ ಮೂರರ ತನಕ ಕ್ಲಿನಿಕ್ಕಿಗೆ ಊಟದ ಬಿಡುವು. ಅವಳು ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರೆ ನಾನು ಎದುರು ಕೂತು ಹೇಳುತ್ತಿದ್ದೆ. ಮುದ್ದೆ ಮುರಿಯುತ್ತಲೇ ಸೂತ್ರ ಒಪ್ಪಿಸುತ್ತಿದ್ದಳು. ಬಾಯಿಪಾಠದ ಹುಡುಗಿಯಲ್ಲ, ಯಾಕೆ ಎಂದು ಕೇಳುವವಳು. ಬಯಾಲಜಿ, ಕೆಮಿಸ್ಟ್ರಿ ಅವಳೇ ಅರೆದು ಕುಡಿದಿದ್ದಳು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬುದು ನನ್ನ ಪಾಡಾಗಿತ್ತು. ಕೆಲಸದಲ್ಲಿದ್ದಾಗ ಇಂಥ ವಿದ್ಯಾರ್ಥಿ ಸಿಗಲಿಲ್ಲ, ಈಗ ಸಿಕ್ಕಿದ್ದಾಳೆ, ನಾನು ಅರ್ಧ ಮಾತು ತೊದಲುತ್ತಿದ್ದೇನೆ.

ತೊಂದರೆ ಇದ್ದದ್ದು ಪರೀಕ್ಷೆಯಲ್ಲಿ. ಬಾಯಲ್ಲಿ ಕೇಳಿದರೆ ಎಲ್ಲ ಸರಿ. ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಮೂರು ಗಂಟೆ ಕೂರಿಸಿದರೆ ಹದಿನೈದು ಇಪ್ಪತ್ತು ಪ್ರಶ್ನೆ ತಪ್ಪು, ಅದೂ ಅವಳಿಗೆ ಚೆನ್ನಾಗಿ ಗೊತ್ತಿರುವವು. ಒಂದು ತಪ್ಪಿಗೆ ಬರಬೇಕಾದ ನಾಲ್ಕು ಅಂಕ ಹೋಗುತ್ತದೆ, ಮೇಲೆ ಇನ್ನೊಂದು ಕಳೆಯುತ್ತಾರೆ. ಹೀಗೆ ಎಪ್ಪತ್ತೈದರಿಂದ ನೂರು ಅಂಕ ಸೋರಿಹೋಗುತ್ತಿತ್ತು. ನಿದ್ದೆ ಸಾಲದು ಎಂದೆ, ಕನ್ನಡಕ ಬದಲಿಸು ಎಂದೆ, ಒಂದು ದಿನ ಪತ್ರಿಕೆ ಮೇಜಿನ ಮೇಲೆ ಕುಕ್ಕಿ ಬೈದೂ ಬೈದೆ. ಅವಳು ತಪ್ಪಿದ ಪ್ರಶ್ನೆಗಳನ್ನು ಮತ್ತೆ ಮತ್ತೆ ಓದಿ, ಇದು ನನಗೆ ಗೊತ್ತಿತ್ತಲ್ಲ ಸರ್ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಕಾರಣ ನನಗೂ ತಿಳಿಯಲಿಲ್ಲ.

ತಿಳಿದದ್ದು ಫೆಬ್ರವರಿಯಲ್ಲಿ, ನನ್ನ ಬಾಯಿಗೆ ಹಿಟ್ಟು ಹಾಕಿದ ದಿನ. ಹಲ್ಲಿನ ಸೆಟ್ ಮಾಡಿಸಲು ಮೊದಲು ಬಾಯಿಯ ಅಚ್ಚು ತೆಗೆಯಬೇಕು. ಮಧುಸೂದನ ಹಿಟ್ಟು ತುಂಬಿದ ತಟ್ಟೆಯೊಂದನ್ನು ನನ್ನ ಬಾಯಿಗೆ ಒತ್ತಿ, ಗಟ್ಟಿಯಾಗುವ ತನಕ ಅಲ್ಲಾಡಬಾರದು, ಮಾತಾಡಬಾರದು ಎಂದು ಹೇಳಿ ಪಕ್ಕದ ಕುರ್ಚಿಗೆ ಹೋದ. ಅಲ್ಲಿ ದುರ್ಗಮ್ಮ ಎಂಬ ಮುದುಕಿ ದವಡೆ ಹಲ್ಲು ಕೀಳಿಸಲು ಬಂದಿದ್ದಳು. ಬೇರೆ ಕೆಲಸವಿಲ್ಲದೆ ನಾನು ನೋಡುತ್ತಾ ಮಲಗಿದೆ. ಮಧುಸೂದನ "ವಾಣಿ, ಆ..." ಎನ್ನುವಷ್ಟರಲ್ಲಿ ಅವನ ಕೈಯಲ್ಲಿ ಕನ್ನಡಿ. "ಸ್ವಲ್ಪ..." ಎಂದರೆ ಹತ್ತಿ. ಒಂದು ವಾಕ್ಯವನ್ನಾದರೂ ಅವನು ಪೂರ್ತಿ ಮಾಡಬೇಕಾಗಿ ಬರಲಿಲ್ಲ. ಎಂಥ ಚುರುಕು ಎಂದು ಮೆಚ್ಚಿಕೊಂಡೆ. ಆಮೇಲೆ ಅವನು "ಇಕ್ಕಳ..." ಎಂದ, ಇಕ್ಕಳ ಅವನ ಅಂಗೈಗೆ ಬಂತು. "...ಈಗ ಬೇಡ, ಇನ್ನೊಂದು ಸಲ ಎಕ್ಸ್‌ರೇ ನೋಡೋಣ" ಎಂದು ಮಾತು ಮುಗಿಸಿ, ನಕ್ಕು ಇಕ್ಕಳ ವಾಪಸ್ ಕೊಟ್ಟ.

ನನಗೆ ಆಗ ಹೊಳೆಯಿತು. ಅವಳು ತಪ್ಪಿದ ಪ್ರಶ್ನೆಗಳೆಲ್ಲ ಒಂದೇ ಜಾತಿಯವು. ಇವುಗಳಲ್ಲಿ ಯಾವುದು ಸರಿಯಲ್ಲ, ಯಾವುದು ಈ ಗುಂಪಿಗೆ ಸೇರುವುದಿಲ್ಲ ಎನ್ನುವಂಥವು. ಅರ್ಧ ಓದುವಷ್ಟರಲ್ಲಿ ಅವಳ ಕೈ ಸರಿಯಾದದ್ದನ್ನು ಹುಡುಕಿ ಉತ್ತರಪತ್ರಿಕೆಯ ಸೊನ್ನೆಯನ್ನು ಕಪ್ಪು ಮಾಡಿಬಿಡುತ್ತಿತ್ತು. ಕ್ಲಿನಿಕ್ಕಿನಲ್ಲಿ ಅವಳಿಗೆ ಹೆಸರು ತಂದ ಕೈಯೇ ಪರೀಕ್ಷೆಯಲ್ಲಿ ಅವಳನ್ನು ಕೆಡಿಸುತ್ತಿತ್ತು. ಇದನ್ನು ಆಗಿಂದಾಗಲೇ ಹೇಳಬೇಕು. ಬಾಯಲ್ಲಿ ಹಿಟ್ಟು. ಕೈ ಬೀಸಿ ಊಂ ಊಂ ಎಂದೆ. ನನಗೆ ಉಸಿರು ಕಟ್ಟಿತೆಂದುಕೊಂಡು ವಾಣಿ ಓಡಿ ಬಂದು, ನನ್ನನ್ನು ಎಬ್ಬಿಸಿ ಕೂರಿಸಿ, ತಲೆ ಮುಂದಕ್ಕೆ ಬಗ್ಗಿಸಿ, ತಟ್ಟೆ ಕಿತ್ತು ತೆಗೆದಳು. ಅಚ್ಚು ಹಾಳಾಯಿತು. ಅಲ್ಲೂ ನನ್ನ ಮಾತು ಮುಗಿಯುವ ತನಕ ಕಾಯಲಿಲ್ಲ ನೋಡಿ.

ಸಂಜೆ ಮೀರಾಗೆ ಹೇಳಿದರೆ ಹೊಟ್ಟೆ ಹಿಡಿದು ನಕ್ಕಳು. ಇಷ್ಟು ವರ್ಷದಲ್ಲಿ ನಿಮ್ಮ ಬಾಯಿ ಮುಚ್ಚಿಸಲು ಆ ಹಿಟ್ಟೇ ಬರಬೇಕಾಯಿತು ಎಂದಳು.

ಕೈಗೆ ಬಂದ ಅಭ್ಯಾಸವನ್ನು ಕೈಯಲ್ಲೇ ಬಿಡಿಸಬೇಕು. ನಾನು ಮಧುಸೂದನನಿಗೆ ಹೇಳಿದೆ, ಪರೀಕ್ಷೆ ಮುಗಿಯುವ ತನಕ ನೀನು ಪ್ರತಿ ಮಾತನ್ನೂ ಪೂರ್ತಿ ಆಡಬೇಕು, ಮಾತು ಮುಗಿಯದೆ ಇವಳು ಏನನ್ನೂ ಎತ್ತಿಕೊಡಬಾರದು. ವಾಣಿ ಆಚೆ ಹೋದ ಮೇಲೆ ಅವನು ಮೆಲ್ಲಗೆ ಮಾತಾಡಿದ.

"ಆ ಕೈ ಹಂಗಾಗೋಕೆ ಹದಿನಾಲ್ಕು ವರ್ಷ ಬೇಕಾಯ್ತು ಸರ್. ಈಗ ಕೆಡಿಸಿ ಅಂತೀರ. ಅವಳು ಹೋದ್ರೆ ನಂಗೆ ಬಲಗೈ ಹೋದಂಗೆ. ಆದ್ರೂ ಹೋಗ್ಲಿ ಸರ್. ಹೋಗ್ಬೇಕು ಅವಳು."

ಇವನನ್ನು ನಾನು ಯಾಕೆ ಫೇಲು ಮಾಡಿದೆನೋ ಎಂದು ಆ ಹೊತ್ತಿಗೆ ನಿಜವಾಗಿ ಬೇಸರವಾಯಿತು.

ಮುಂದಿನ ಎರಡೂವರೆ ತಿಂಗಳು ಆ ಕ್ಲಿನಿಕ್ಕಿನಲ್ಲಿ ಕೆಲಸ ನಿಧಾನವಾಯಿತು. ಡಾಕ್ಟರು ಭಾಷಣದ ಹಾಗೆ ಮಾತಾಡತೊಡಗಿದರು. ಬಾಯಿ ತೆರೆದು ಮಲಗಿದವರು ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ವಾಣಿಯ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ತಡೆಯಲು ಅವಳು ಎಡಗೈಯ ಹೆಬ್ಬೆರಳನ್ನು ಬಲಗೈಯ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ನಿಲ್ಲುವುದನ್ನು ರೂಢಿ ಮಾಡಿಕೊಂಡಳು. ಪ್ರಶ್ನೆ ಓದುವಾಗಲೂ ಹಾಗೆಯೇ, ಪೆನ್ನು ಮೇಜಿನ ಮೇಲೆ, ಹೆಬ್ಬೆರಳು ಮುಷ್ಟಿಯಲ್ಲಿ. ತಪ್ಪುಗಳು ಇಪ್ಪತ್ತರಿಂದ ಹತ್ತಕ್ಕೆ, ಹತ್ತರಿಂದ ನಾಲ್ಕಕ್ಕೆ ಇಳಿದವು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಾನು ದಿನಕ್ಕೊಮ್ಮೆಯಾದರೂ ಬುದ್ಧಿ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಅವಳು ಡಬ್ಬಿ ಮುಚ್ಚಿ ನನ್ನನ್ನೇ ನೋಡಿದಳು.

"ಬೇಜಾರು ಮಾಡ್ಕೋಬೇಡಿ ಸರ್. ನೀವೂ ಹಂಗೇ. ನಾನು ಡೌಟ್ ಅರ್ಧ ಕೇಳೋ ಅಷ್ಟರಲ್ಲಿ ಉತ್ತರ ಶುರು ಮಾಡ್ತೀರ. ಎಷ್ಟೋ ಸಲ ಅದು ನನ್ನ ಡೌಟೇ ಆಗಿರಲ್ಲ."

ಬೇಜಾರಾಯಿತು. ಎರಡು ದಿನ ಪಾಠಕ್ಕೆ ಹೋಗಲಿಲ್ಲ. ಮನೆಯಲ್ಲಿ ಕೂತು, ನನ್ನ ತರಗತಿಯಲ್ಲಿ ಎದ್ದು ನಿಂತು ಅರ್ಧ ಪ್ರಶ್ನೆ ಕೇಳಿ ಪೂರ್ತಿ ಬೈಸಿಕೊಂಡು ಕೂತವರ ಮುಖಗಳನ್ನು ನೆನಪಿಸಿಕೊಂಡೆ. ಮಧುಸೂದನನ ಮುಖವೂ ಅದರಲ್ಲಿತ್ತು. ಮೂರನೆಯ ದಿನ ಹೋಗಿ, ಏನಮ್ಮ ನಿನ್ನ ಡೌಟು ಎಂದು ಕೇಳಿ, ಸಾಧ್ಯವಾದಷ್ಟು ಹೊತ್ತು ಸುಮ್ಮನೆ ಕೂತೆ. ಬಹಳ ಹೊತ್ತು ಸಾಧ್ಯವಾಗಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಮೇ ತಿಂಗಳ ಭಾನುವಾರ ಪರೀಕ್ಷೆ. ಕೇಂದ್ರ ಶಿವಮೊಗ್ಗದಲ್ಲೇ ಬಿದ್ದಿತ್ತು. ನಾನು ಛತ್ರಿ ಹಿಡಿದು ಹೋದರೆ ಗೇಟಿನ ಹತ್ತಿರ ವಿಮಲಮ್ಮ ಕೂತಿದ್ದರು. ಒಳಗೆ ಒಡವೆ ಬಿಡುವುದಿಲ್ಲ, ಹಾಗಾಗಿ ಸೊಸೆಯ ಬಳೆ, ಓಲೆ, ಕಾಲುಂಗುರ ಅವರ ಸೆರಗಿನ ಗಂಟಿನಲ್ಲಿದ್ದವು. ಮೋನಿಕಾಳ ವಯಸ್ಸಿನ ಮಕ್ಕಳ ಸಾಲಿನಲ್ಲಿ ವಾಣಿ ಹವಾಯಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಅವಳನ್ನು ಯಾರದೋ ತಾಯಿ ಎಂದುಕೊಂಡು ಕಾವಲಿನವನು ಆಚೆ ಹೋಗಲು ಹೇಳಿದ. ಅವನ ಮಾತು ಪೂರ್ತಿ ಮುಗಿದ ಮೇಲೆ ಅವಳು ಹಾಲ್ ಟಿಕೆಟ್ ತೋರಿಸಿದಳು. ವಿಮಲಮ್ಮ ನನ್ನ ಕಡೆ ತಿರುಗಿ ದೂರು ಹೇಳಿದರು, ಈಚೆಗೆ ಮನೆಯಲ್ಲಿ ತಾನು ಏನಾದರೂ ಹೇಳಹೊರಟರೆ ಸೊಸೆ ಎದುರಾಡದೆ ಕೊನೆಯ ತನಕ ಕೇಳುತ್ತಾಳಂತೆ, ಅದರಿಂದ ತನಗೆ ಜಗಳ ಮುಂದುವರಿಸಲು ಆಗುವುದೇ ಇಲ್ಲವಂತೆ. ಸಂಜೆ ಐದರ ತನಕ ಅವರು ಆ ಗಂಟಿನ ಮೇಲಿಂದ ಕೈ ತೆಗೆಯಲಿಲ್ಲ.

ಅಂಕ ಚೆನ್ನಾಗಿಯೇ ಬಂತು. ಆದರೆ ಅಂಕ ಬೇರೆ, ಸೀಟು ಬೇರೆ. ಅದೂ ಶಿವಮೊಗ್ಗದಲ್ಲಿ. ಪರೀಕ್ಷೆ ಮುಗಿದರೂ ಅಭ್ಯಾಸಬಲದಿಂದ ಮಧ್ಯಾಹ್ನದ ಪಾಠ ನಡೆದೇ ಇತ್ತು. ಹಂಚಿಕೆಯ ಪಟ್ಟಿ ಬರುವ ತನಕ ನಾನು ಎರಡು ಸಲ ಮೀರಾಳ ಮೇಲೆ ಕಾರಣವಿಲ್ಲದೆ ರೇಗಿದೆ. ಪಟ್ಟಿ ಬಂದ ದಿನ ಫೋನ್ ಬರಲಿಲ್ಲ. ನಾನೇ ಮಾಡಿದರೆ ಎತ್ತಲಿಲ್ಲ. ಇಳಿಹೊತ್ತಿನಲ್ಲಿ ವಾಣಿ ನಮ್ಮ ಮನೆ ಬಾಗಿಲಿಗೆ ಬಂದಳು. ಕಣ್ಣು ಕೆಂಪಗಿತ್ತು, ಮೂಗು ಕೆಂಪಗಿತ್ತು.

"ಸರ್, ಇನ್ಮೇಲೆ ನಾನು ಮಧ್ಯಾಹ್ನ ಪಾಠಕ್ಕೆ ಬರಕ್ಕಾಗಲ್ಲ" ಎಂದಳು.

ಬಿಡಮ್ಮ, ಯಾಕೆ ಬರೋದಿಲ್ಲ ಎಂದು ಶುರು ಮಾಡಿದೆ. ಸೀಟು ಹಂಚುವವರನ್ನು ಬೈದೆ, ಪ್ರಶ್ನೆ ತೆಗೆದವರನ್ನು ಬೈದೆ. ಮೋನಿಕಾ ಜೊತೆಗೇ ಬರೆ, ನಾಚಿಕೆ ಯಾಕೆ, ಇಬ್ಬರಿಗೂ ನಾನೇ ಹೇಳಿಕೊಡುತ್ತೇನೆ, ವಿಮಲಮ್ಮನ ಹತ್ತಿರ ನಾನೇ ಬಂದು ಮಾತಾಡುತ್ತೇನೆ, ಬೇಕಾದರೆ ಮೀರಾ ಬಂದು ನಿಮ್ಮ ಮನೆ ಒಲೆ ಹಚ್ಚುತ್ತಾಳೆ ಎಂದೆ. ಹೊಸ ಹಲ್ಲು ಸಡಿಲವಾಗಿ ಕಟಕಟ ಎನ್ನುತ್ತಿತ್ತು, ನನಗೂ ಕಣ್ಣು ತುಂಬಿತ್ತು. ವಾಣಿ ಹೊಸಿಲ ಆಚೆ ನಿಂತು ಕೇಳುತ್ತಿದ್ದಳು. ಎಡಗೈಯ ಹೆಬ್ಬೆರಳು ಬಲಗೈಯ ಮುಷ್ಟಿಯಲ್ಲಿತ್ತು. ನನಗೆ ಉಸಿರು ಸಾಲದೆ ನಿಲ್ಲಿಸಿದಾಗ ಅವಳು ಬಾಯಿ ತೆರೆದಳು.

"ಮುಗೀತಾ ಸರ್? ಮಧ್ಯಾಹ್ನ ಬರಕ್ಕಾಗಲ್ಲ. ಕಾಲೇಜು ಸಾಯಂಕಾಲ ನಾಲ್ಕರ ತನಕ ಇರುತ್ತೆ."

ಯಾವ ಕಾಲೇಜು, ಇಲ್ಲಿಯದೇನಾ, ಫೋನ್ ಯಾಕೆ ಎತ್ತಲಿಲ್ಲ, ಹತ್ತು ಪ್ರಶ್ನೆ ಒಟ್ಟಿಗೆ ನಾಲಿಗೆಗೆ ಬಂದವು. ಬಾಯಿ ತೆರೆದವನು ಮುಚ್ಚಿಕೊಂಡೆ. ಒಳಗೆ ಬಂದು ಕೂತ್ಕೋ, ಮೊದಲಿಂದ ಹೇಳು ಎಂದೆ.

ಅವಳು ಮೊದಲಿಂದ ಹೇಳಿದಳು. ರೂಪೇಶ್ ಗ್ಯಾರೇಜಿನಲ್ಲಿ ಎಣ್ಣೆ ಕೈಯಲ್ಲೇ ಫೋನ್ ಹಿಡಿದು ಪಟ್ಟಿ ನೋಡಿದ್ದು, ಶಿವಮೊಗ್ಗ ಎಂಬ ಹೆಸರು ಕಂಡರೂ ನಂಬದೆ ಮೋನಿಕಾಳಿಂದ ಎರಡು ಸಲ ಓದಿಸಿದ್ದು, ಅತ್ತೆ ಎದ್ದು ಹೋಗಿ ಪಾಯಸಕ್ಕೆ ಇಟ್ಟದ್ದು, ಫೋನ್ ಇನ್ನೂ ಗಂಡನ ಹತ್ತಿರವೇ ಇರುವುದು, ಡಾಕ್ಟರಿಗೆ ಹೇಳಲು ಹೋಗಿ ಇಬ್ಬರೂ ಅತ್ತದ್ದು. ಬಸ್ಸಿನಲ್ಲಿ ಪಕ್ಕ ಕೂತವಳ ವಿಷಯವನ್ನೂ ಹೇಳಿದಳು, ಅದಕ್ಕೂ ಸೀಟಿಗೂ ಏನೂ ಸಂಬಂಧವಿರಲಿಲ್ಲ. ನಾನು ನಡುವೆ ಒಂದು ಮಾತೂ ಆಡಲಿಲ್ಲ. ಮೀರಾ ಎರಡು ಸಲ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿಕೊಂಡು ಹೋದಳು.