ಹಸಿರಿದೆ, ಮೇವಿಲ್ಲ

ನಮ್ಮ ದೊಡ್ಡಮ್ಮನಿಗೆ ಊರವರು ಇಟ್ಟ ಹೆಸರು ಗೇಟಮ್ಮ. ಹುಲ್ಲುಗಾವಲಿನ ಗೇಟು ಹಾಕದೆ ಹೋದವನು ಎಂಥ ದೊಡ್ಡ ಮನುಷ್ಯನೇ ಆಗಿರಲಿ, ಅರ್ಧ ದಾರಿಯಿಂದ ವಾಪಸ್ ಕರೆಸಿ ಹಾಕಿಸುತ್ತಿದ್ದಳು. ದೊಡ್ಡಪ್ಪ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಒಬ್ಬಳೇ ನಲವತ್ತು ದನ ಸಾಕಿದವಳು. ಯಾರ ಮುಲಾಜಿಗೂ ಬೀಳುವವಳಲ್ಲ. ಆದರೆ ಮನೆಗೆ ಯಾರಾದರೂ ಬರುತ್ತಾರೆಂದರೆ ಅವಳ ದನಗಳು ಲಕ್ಷಣವಾಗಿ ಕಾಣಲೇಬೇಕು, ಅದೊಂದು ಹುಚ್ಚು.

ಆ ಬೇಸಿಗೆ ಬೆಂಕಿ ಬಿದ್ದು ಅವಳ ಹುಲ್ಲುಗಾವಲು ಪೂರ್ತಿ ಸುಟ್ಟುಹೋಯಿತು. ಮೇವು ಕಳೆದುಕೊಂಡವರಿಗೆ ಸರ್ಕಾರ ಆರು ತಿಂಗಳ ಮೇವಿನ ಖರ್ಚು ಕೊಡುತ್ತದೆ ಎಂದು ಪ್ರಕಟಣೆ ಬಂತು. ಅಧಿಕಾರಿ ಬಂದು ಜಾಗ ನೋಡಿ, ಮೇವಿಲ್ಲ ಎಂದು ಬರೆದುಕೊಡಬೇಕು, ಅಷ್ಟೇ. ಬರೆಯದಿದ್ದರೆ ಸೋಮವಾರ ಲಾರಿ ತಾ, ಎಲ್ಲವನ್ನೂ ಮಾರಿಬಿಡುತ್ತೇನೆ ಎಂದು ದೊಡ್ಡಮ್ಮ ದನದ ದಲ್ಲಾಳಿಗೆ ಹೇಳಿಯಾಗಿತ್ತು.

ಪರಿಶೀಲನೆಯ ಕೊನೆಯ ದಿನ ನಾನು ಸಹಾಯಕ್ಕೆಂದು ಹೋದೆ. ಹೋಗಿ ನೋಡಿದರೆ ಈ ಪುಣ್ಯಾತ್ಗಿತ್ತಿ ಬೆಳಗಿನಿಂದ ದನಗಳ ಮೈ ತಿಕ್ಕಿ ತೊಳೆದು, ಉಳಿದಿದ್ದ ಒಣಹುಲ್ಲನ್ನೆಲ್ಲ ತಿನ್ನಿಸಿ, ಹೊಟ್ಟೆ ಗುಂಡಗೆ ಮಾಡಿ ನಿಲ್ಲಿಸಿದ್ದಳು. ಮೇವಿಲ್ಲ ಅಂತ ಹೇಳಿಕೊಳ್ಳಬೇಕಾದ ದಿನವೇ! ನಾನು ಹಣೆ ಹಣೆ ಚಚ್ಚಿಕೊಂಡೆ.

"ಬಂದವ್ರ ಮುಂದೆ ಹೊಟ್ಟೆ ಅಂಟಿದ ದನಾನ ನಿಲ್ಲಿಸೋಕಾಗುತ್ತೇನೇ?" ಎಂದಳು.

ಅಧಿಕಾರಿ ಜೀಪಿನಿಂದ ಇಳಿಯಲೇ ಇಲ್ಲ. ಬೆಂಕಿಯ ಮೇಲೆ ಎರಡು ಮಳೆ ಬಿದ್ದಿದ್ದರಿಂದ ಹುಲ್ಲುಗಾವಲು ಮೊಣಕಾಲುದ್ದ ಹಸಿರಾಗಿತ್ತು. ಕಿಟಕಿಯಿಂದಲೇ ನೋಡಿ "ಮೇವು ಲಭ್ಯವಿದೆ" ಎಂದು ಬರೆದ. ಸುಟ್ಟ ನೆಲದಲ್ಲಿ ಮೊದಲು ಏಳುವುದು ಕಹಿ ಕಳೆ, ಹುಲ್ಲು ಬರಲು ಇನ್ನೊಂದು ವರ್ಷ ಬೇಕು ಎಂದು ದೊಡ್ಡಮ್ಮ ಹೇಳಿದಳು. ದನಗಳನ್ನು ಒಳಗೆ ಬಿಟ್ಟೂ ತೋರಿಸಿದಳು. ಒಂದೂ ಬಾಯಿ ಹಾಕಲಿಲ್ಲ. ಹೊಟ್ಟೆ ತುಂಬಿದ ದನ ಯಾಕೆ ತಿನ್ನುತ್ತದಮ್ಮ ಎಂದು ಅವನು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಅವನು ಹೇಳಿದ್ದು ಸರಿಯಾಗೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ದೊಡ್ಡಮ್ಮ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು, ಅರವತ್ತೆರಡು ವರ್ಷದ ಹೆಂಗಸು! ಕರುಗಳ ಕೊಟ್ಟಿಗೆಯಲ್ಲಿ ಹಾಸಿದ್ದ ಹಳೇ ಹುಲ್ಲನ್ನು ಎರಡು ತೋಳಿನಲ್ಲೂ ಬಾಚಿಕೊಂಡು, ಹುಲ್ಲುಗಾವಲಿನ ಆಚೆ ತುದಿಯ ಬೇಲಿಯವರೆಗೂ ಹೋಗಿ ಸುರಿದು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು.

ಮೊದಲು ಒಂದು ದನ ಕಿವಿ ನಿಮಿರಿಸಿತು. ಮರುಕ್ಷಣ ನಲವತ್ತೂ ಓಡತೊಡಗಿದವು. ನೆಲ ಗಡಗಡ ನಡುಗಿತು. ನಾನು ಗೇಟಿನ ಮೇಲೆ ಹತ್ತಿ ನಿಂತು ಹೋ ಎಂದು ಕೂಗುತ್ತಿದ್ದೆ. ಒಂದು ಎಳೆಗರು ಮಾತ್ರ ನಡುವೆ ನಿಂತು ಕಳೆಗೆ ಬಾಯಿ ಹಾಕಿತು. ನನ್ನ ಜೀವ ಬಾಯಿಗೆ ಬಂತು. ಕರು ತಲೆ ಒದರಿತು, ಉಗುಳಿತು, ತಾಯಿಯ ಹಿಂದೆ ಓಡಿತು. ಆ ಹಸಿರನ್ನೆಲ್ಲ ತುಳಿದು ದಾಟಿದ ದನಗಳು ಗಂಜಲದ ವಾಸನೆಯ ಹಾಸುಹುಲ್ಲಿಗೆ ಕೊಂಬು ಕೊಂಬು ತಾಗಿಸಿ ಜಗಳಾಡುತ್ತಿದ್ದವು.

ಅಧಿಕಾರಿ ಆಗ ಜೀಪಿನಿಂದ ಇಳಿದ. ಒಳಗೆ ಬಂದು ಒಂದು ಎಲೆ ಕಿತ್ತು ತಾನೇ ಅಗಿದ. ಮುಖ ಹಿಂಡಿಕೊಂಡು ಮೂರು ಸಲ ಉಗುಳಿದ. ನಾನು ನಾಚಿಕೆ ಬಿಟ್ಟು ನಕ್ಕೆ. ಅವನು ಬರೆದದ್ದನ್ನು ಹೊಡೆದುಹಾಕಿ, ಬಾನೆಟ್ಟಿನ ಮೇಲೆ ಹಾಳೆಯಿಟ್ಟು ಹೊಸದಾಗಿ ಬರೆದ: "ಹಸಿರಿದೆ, ಮೇವಿಲ್ಲ. ಖುದ್ದಾಗಿ ಪರೀಕ್ಷಿಸಿದ್ದೇನೆ." ಸಹಿ ಹಾಕಿ ಕುಡಿಯಲು ನೀರು ಕೇಳಿದ.

ಜೀಪು ಹೋದ ಮೇಲೆ ದೊಡ್ಡಮ್ಮ ದಲ್ಲಾಳಿಗೆ ಫೋನ್ ಮಾಡಿದಳು. ಮೂರು ಸಲ ಹಲೋ ಎಂದಳು.

"ಸೋಮವಾರ ಲಾರಿ ತರಬೇಡಪ್ಪ," ಎಂದವಳೇ ಫೋನು ನನ್ನ ಕೈಗೆ ಕೊಟ್ಟು, ದನಗಳ ಕಡೆ ತಿರುಗಿ ಗಳಗಳ ಅತ್ತಳು.