ಹೀಲ್ಸ್ ಒಳಗಿನ ಕಾಲುಂಗುರ

2013ರಲ್ಲಿ ನಾನು ವೈಟ್‌ಫೀಲ್ಡ್‌ನ ಒಂದು ಐಟಿ ಕ್ಯಾಂಪಸ್ಸಿನ ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಮಂಗಳವಾರ, ಶುಕ್ರವಾರ ನನ್ನ ಸರದಿ. ಬರುವವರದು ಹೆಚ್ಚಾಗಿ ಕತ್ತು, ಸೊಂಟದ ನೋವು. ಜೂನ್ ತಿಂಗಳ ಒಂದು ಶುಕ್ರವಾರ ಮೀನಖಂಡ ಹಿಡಿದುಕೊಂಡಿದೆಯೆಂದು ಶೋಭಾ ಬಂದಳು. ಕುಂದಲಹಳ್ಳಿಯ ಸೊಸೆ, ಇಪ್ಪತ್ತೊಂಬತ್ತು ವರ್ಷ. ಕಾಂಟ್ರ್ಯಾಕ್ಟ್ ಏಜೆನ್ಸಿಯೊಂದರ ಮೂಲಕ ಕ್ಯಾಂಪಸ್ಸಿನ ರಿಸೆಪ್ಷನ್‌ನಲ್ಲಿ ಕೆಲಸ. ಸಮವಸ್ತ್ರದ ಜೊತೆ ಮೂರಿಂಚಿನ, ಚೂಪು ಮೂತಿಯ ಹೀಲ್ಸ್ ಕಡ್ಡಾಯ.

ಕಾಲುಚೀಲ ತೆಗೆಸಿ ನೋಡಿದೆ. ಹಿಮ್ಮಡಿ ಎತ್ತರವಾದಷ್ಟೂ ಮೈಭಾರ ಮುಂದಕ್ಕೆ ಜಾರುತ್ತದೆ, ಬೆರಳುಗಳು ಶೂ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಶೋಭಾಳ ಎರಡನೇ ಬೆರಳಲ್ಲಿ ಬೆಳ್ಳಿಯ ಕಾಲುಂಗುರವಿತ್ತು. ಅದರ ಅಂಚಿನಲ್ಲಿ ಚರ್ಮ ಕೆಂಪಾಗಿತ್ತು. ಹೆರಿಗೆಯ ಕಾಲದಿಂದ ಶುಗರ್ ಇದೆಯೆಂದೂ ಹೇಳಿದಳು. ಶುಗರ್ ಇದ್ದವರಿಗೆ ಕೆಲವೊಮ್ಮೆ ಪಾದದ ಗಾಯದ ನೋವೇ ತಿಳಿಯುವುದಿಲ್ಲ.

"ಎರಡರಲ್ಲಿ ಒಂದು ಹೋಗ್ಬೇಕು. ಉಂಗುರ ಇಲ್ಲಾ ಶೂ. ಇಲ್ಲಾಂದ್ರೆ ಬೆರಳಿಗೇ ಕುತ್ತು ಬರುತ್ತೆ" ಎಂದೆ.

"ಶೂ ತೆಗೆದ್ರೆ ಕೆಲ್ಸ ಹೋಗುತ್ತೆ ಮೇಡಂ. ಉಂಗುರ ತೆಗೆದ್ರೆ ನಮ್ಮತ್ತೆ ಮನೇಲಿ ಇರಕ್ಕೆ ಬಿಡ್ತಾರಾ?" ಎಂದು ನಕ್ಕಳು.

ಮೀನಖಂಡಕ್ಕೆ ವ್ಯಾಯಾಮ ಹೇಳಿಕೊಟ್ಟೆ. ಬಸ್ಸಲ್ಲಿ ಬಂದುಹೋಗುವಾಗಲಾದರೂ ಅಗಲವಾದ ಚಪ್ಪಲಿ ಹಾಕು, ದಿನವೂ ಪಾದ ನೋಡಿಕೋ ಎಂದೆ. ತಗ್ಗು ಹಿಮ್ಮಡಿಯ ಶೂಗೆ ಅನುಮತಿ ಕೊಡಿ ಎಂದು ಏಜೆನ್ಸಿಯ ಸೂಪರ್‌ವೈಸರನ್ನು ಕೇಳಿದೆ.

"ಕ್ಲೈಂಟ್ಸ್ ಬರೋ ಜಾಗ ಮೇಡಂ. ಒಬ್ರಿಗೆ ಬಿಟ್ರೆ ಎಲ್ರೂ ಸ್ಲಿಪ್ಪರ್‌ನಲ್ಲಿ ಬರ್ತಾರೆ" ಎಂದರು ಅವರು.

ಆಮೇಲೆ ಶೋಭಾ ಬರಲಿಲ್ಲ. ಆಗಸ್ಟ್ ಮೊದಲ ಮಂಗಳವಾರ ಅವಳನ್ನು ವೀಲ್‌ಚೇರ್‌ನಲ್ಲಿ ತಂದರು. ಕಾಲುಚೀಲ ಬಿಚ್ಚುತ್ತಲೇ ಕೊಳೆತ ವಾಸನೆ ಬಂತು. ಬೆರಳು ಊದಿ, ಉಂಗುರ ಮಾಂಸದೊಳಗೆ ಹೂತುಹೋಗಿತ್ತು, ತುದಿ ಕಪ್ಪಾಗಿತ್ತು. ಉಂಗುರ ಕತ್ತರಿಸಲು ಕ್ಲಿನಿಕ್ಕಿನ ಡಾಕ್ಟರು ಕಟರ್ ತೆಗೆದುಕೊಂಡರೆ ಶೋಭಾ ಕಾಲೆಳೆದುಕೊಂಡಳು. "ಅತ್ತೇನ ಒಂದ್ಮಾತು ಕೇಳ್ಬಿಡಿ."

ನಾನೇ ಫೋನ್ ಮಾಡಿದೆ. ಆ ಕಡೆಯಿಂದ ಅತ್ತೆ ಕಿರುಚಿದರು: "ಅಯ್ಯೋ, ಕತ್ತರಿಸಾಕವ್ವ! ಕಾಲಿಗಿಂತ ಎಚ್ಚಾ ಅದು? ನನ್ನ ಒಂದ್ಮಾತು ಕೇಳಿದ್ರೆ ನಾನೇ ಬಿಚ್ಚಿ ಮಡಗ್ತಿದ್ನಲ್ಲ!"

ಶೋಭಾಗೆ ಅದು ಕೇಳಿಸಿತು. ಎಳೆದುಕೊಂಡಿದ್ದ ಕಾಲನ್ನು ತಾನೇ ಮುಂದಕ್ಕೆ ಚಾಚಿದಳು. ಉಂಗುರವನ್ನು ಕತ್ತರಿಸಿ ತೆಗೆದರು. ಎರಡು ದಿನಗಳ ನಂತರ ಆಸ್ಪತ್ರೆಯಲ್ಲಿ ಆ ಬೆರಳನ್ನೂ ತೆಗೆದರು.

ಸೆಪ್ಟೆಂಬರ್‌ನಲ್ಲಿ ಅವಳು ಐಡಿ ಕಾರ್ಡ್ ಹಿಂದಿರುಗಿಸಲು ಬಂದಳು. ಅತ್ತೆ ತೋಳು ಹಿಡಿದಿದ್ದರು. "ನೀವ್ ಹೇಳಿದ್ ಎಕ್ಸರ್ಸೈಜ್ ಬಿಟ್ಟಿಲ್ಲ ಮೇಡಂ, ಮೀನಖಂಡ ಈಗ ನೋಯಲ್ಲ" ಎಂದಳು. ರಿಸೆಪ್ಷನ್‌ನಲ್ಲಿ ಆಗಲೇ ಹೊಸ ಹುಡುಗಿ ನಿಂತಿದ್ದಳು, ಅದೇ ಹೀಲ್ಸ್.

ಸಲಹೆ ಕೊಟ್ಟರೆ ಅರ್ಧ ಕೆಲಸವೂ ಆಗುವುದಿಲ್ಲ ಎಂದು ಆ ವರ್ಷ ಕಲಿತೆ. ಅಂದಿನಿಂದ ಪಾದ ನೋಡಿದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ: "ಇದನ್ನ ತೆಗೆಯೋಕೆ ಯಾರನ್ನ ಕೇಳ್ಬೇಕು?" ಅವರ ಎದುರೇ ಫೋನ್ ಮಾಡುತ್ತೇನೆ. ಹೊಸ ಹುಡುಗಿಯ ಕಾಲಲ್ಲೂ ಉಂಗುರವಿತ್ತು, ಅವಳ ಎದುರೂ ಫೋನ್ ಮಾಡಿದೆ. ಉಂಗುರದ ಮಾತು ಅವಳ ಅಮ್ಮನ ಹತ್ತಿರ ಒಂದೇ ನಿಮಿಷದಲ್ಲಿ ಮುಗಿಯಿತು.

ಶೂ ವಿಷಯಕ್ಕೆ ಸೂಪರ್‌ವೈಸರ್ ಫೋನ್ ಎತ್ತಲಿಲ್ಲ.