ಭಾವ ಕೊಡಿಸಿದ ಶೇರು

ಎಂಬತ್ತರ ದಶಕದ ನಡುವಿನಲ್ಲಿ ನಾನು ಅರಸೀಕೆರೆಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಅಪ್ಪ ತೀರಿಕೊಂಡ ಮೇಲೆ ಯಾವ ದೊಡ್ಡ ವಿಚಾರವಿದ್ದರೂ ಹಳೇಬೀಡಿನಲ್ಲಿದ್ದ ಅಕ್ಕನ ಗಂಡನನ್ನು ಕೇಳಿಯೇ ಮಾಡುವುದು ನಮ್ಮ ಮನೆಯ ರೂಢಿ. ಭಾವ ಕೊಬ್ಬರಿ ವ್ಯಾಪಾರಿ. ಅರಸೀಕೆರೆ ಮಂಡಿಗೆ ಬಂದಾಗಲೆಲ್ಲ ನಮ್ಮಲ್ಲೇ ಊಟ. ಹಾಗೆ ಬಂದ ಒಂದು ದಿನ, ಬೆಂಗಳೂರಿನಲ್ಲಿ ಟಿ.ವಿ. ತಯಾರಿಸುವ ಕಂಪನಿಯೊಂದು ಜನರಿಗೆ ಶೇರು ಕೊಡುತ್ತಿದೆ ಎಂದರು.

“ಮುಂದೆ ಟಿ.ವಿ. ಇಲ್ಲದ ಮನೇನೇ ಇರಲ್ಲ ಕಣಮ್ಮ. ನಿನ್ನ ದುಡ್ಡು ಪೋಸ್ಟಾಫೀಸಲ್ಲಿ ಸುಮ್ನೆ ಬಿದ್ದೈತೆ. ನಾನೂ ಹಾಕ್ತಿದೀನಿ, ನೀನೂ ಹಾಕು.”

ಹಿತ್ತಲ ಕಡೆ ಒಂದು ಕೋಣೆ ಕಟ್ಟಿಸಲೆಂದು ಕೂಡಿಟ್ಟಿದ್ದೆ. ಅಮ್ಮ ಬೇಡವೆಂದರು. ಭಾವನೇ ಹೇಳಿದ ಮೇಲೆ ಇನ್ನೇನು ಎಂದು ಅವರ ಬಾಯಿ ಮುಚ್ಚಿಸಿ, ಅಷ್ಟನ್ನೂ ಶೇರಿಗೆ ಹಾಕಿದೆ.

ಮೊದಮೊದಲು ಬೆಲೆ ಏರಿತು. ಶಾಲೆಗೆ ಹೋಗುವಾಗ ಸ್ಟೇಷನ್ ಬಳಿ ಪತ್ರಿಕೆ ಕೊಂಡು, ನಿಂತಲ್ಲೇ ಶೇರುಪೇಟೆಯ ಪುಟ ತೆಗೆಯುತ್ತಿದ್ದೆ. ಆಮೇಲೆ ಇಳಿಯತೊಡಗಿದ್ದು ನಿಲ್ಲಲೇ ಇಲ್ಲ. ನಮ್ಮ ಬೀದಿಯಲ್ಲಿ ಮನೆಮನೆಗೂ ಟಿ.ವಿ. ಬಂತು. ಭಾವ ಹೇಳಿದ್ದು ನಿಜವೇ ಆಯಿತು, ಆದರೆ ಬಂದವೆಲ್ಲ ಬೇರೆ ಕಂಪನಿಯವು.

“ಮಾರಿಬಿಡ್ಲಾ ಭಾವ?” ಎಂದು ಬಂದಾಗಲೆಲ್ಲ ಕೇಳುತ್ತಿದ್ದೆ.

“ಅವಸರ ಮಾಡ್ಬೇಡ. ನಾನೂ ಇಟ್ಕೊಂಡಿಲ್ವಾ?”

ಆ ‘ನಾನೂ’ ಎಂಬುದನ್ನೇ ನಂಬಿಕೊಂಡು ಸುಮ್ಮನಾಗುತ್ತಿದ್ದೆ.

ದಸರಾ ರಜೆಯಲ್ಲಿ ಹಳೇಬೀಡಿಗೆ ಹೋದೆ. ಅಕ್ಕ ಸಂಭ್ರಮದಿಂದ ತೋಟಕ್ಕೆ ಕರೆದುಕೊಂಡು ಹೋಗಿ ಹೊಸ ಬೋರ್‌ವೆಲ್ ತೋರಿಸಿದಳು. “ಆ ಟಿ.ವಿ. ಕಂಪನಿ ಶೇರು ಮಾರಿ ಹಾಕ್ಸಿದ್ದು ಕಣೇ. ಹೋದ ವರ್ಷ ಒಳ್ಳೆ ರೇಟಿತ್ತಂತೆ. ನಿಂದೂ ಆಗ್ಲೇ ಮಾರಿಸಿದ್ರಲ್ಲ?”

ಪೈಪಿನಿಂದ ನೀರು ರಭಸವಾಗಿ ಬೀಳುತ್ತಿತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ.

ಸಂಜೆ ವ್ಯಾಪಾರ ಮುಗಿಸಿ ಪಕ್ಕದ ಮಾದಿಹಳ್ಳಿಯಿಂದ ಬಂದ ಭಾವನನ್ನು ಜಗಲಿಯ ಮೇಲೇ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ.

“ನನ್ನ ಮಾತು ಕೇಳಿ ಮಂಡೀಲಿ ಎಷ್ಟೋ ಜನ ಹಾಕಿದ್ರು. ನಾನು ಮಾರ್ದೆ ಅಂತ ಗೊತ್ತಾಗಿದ್ರೆ ಮುಖಕ್ಕೆ ಉಗೀತಿದ್ರು. ನಿನಗೆ ಹೇಳಿದ್ರೆ ಎಲ್ರಿಗೂ ಗೊತ್ತಾಗೋದು.”

“ನಾನೂ ಮಂಡಿಯವಳೇನಾ ಭಾವ?”

ಅವರು ಒಳಗೆ ತಿರುಗಿ, ಕಾಫಿ ತರುವಂತೆ ಅಕ್ಕನಿಗೆ ಹೇಳಿದರು.

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಸಿಕ್ಕ ಬೆಲೆಗೆ ಶೇರುಗಳನ್ನು ಮಾರಿದೆ. ಬಚ್ಚಲಿಗೆ ಸಿಮೆಂಟು ಹಾಕಿಸುವಷ್ಟು ಬಂತು. ಕಂಪನಿಯ ಮೇಲಿನ ಸಿಟ್ಟು ಕೆಲವೇ ದಿನಗಳಲ್ಲಿ ಆರಿತು. ಅದಕ್ಕೆ ನಾನು ಯಾರೆಂದೇ ಗೊತ್ತಿರಲಿಲ್ಲ. ಭಾವನಿಗೆ ಗೊತ್ತಿತ್ತು.

ಅಕ್ಕ ಮಾತ್ರ ತಾನೇ ಬಾಯಿ ತಪ್ಪಿ ಹೇಳಿ ಮನೆ ಒಡೆದೆನೆಂದು ಬಹಳ ಕಾಲ ಕೊರಗಿದಳು. ಅಲ್ಲವೆಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ.